ಆಟದ ಬಳಗದಲ್ಲಿ ಕಲೆಗಾರನ ಸಂಭಾವನೆ



ಕನ್ನಡ, ಮರಾಠಿ, ಕೊಂಕಣಿ, ಉರ್ದುಗಳು ಒಂದೇ ಚಹದಂಗಡಿಯ ಬಾಕಿನ ಮೇಲೆ ಕೂಡಿ ಕೇಳಿಬರುವ, ಒಂದು ಮಗ್ಗುಲಿಗೆ ಭತ್ತ ಕಬ್ಬು ಗೋವಿನಜೋಳಗಳ ಹೊಲಗಳೂ ಮತ್ತೊಂದು ಮಗ್ಗುಲಿಗೆ ಅಡವಿಯೂ ಹಬ್ಬಿರುವ ಹಳಿಯಾಳ ತಾಲೂಕಿನ ಸಾಂಬ್ರಾಣಿಯ ಸೀಮೆಯಲ್ಲಿ, ಸಂಜೆಯ ಹೊತ್ತು ಹರೆಯದ ಹುಡುಗರು ತಲೆ ಬಗ್ಗಿಸಿ ಮೊಬೈಲಿನಲ್ಲಿ ಮಗ್ನರಾಗಿರುವುದನ್ನು ಕಂಡ ಹಿರಿಯರು, ಅವರೆಲ್ಲರೂ ವೃಥಾ ಕಾಲಹರಣ ಮಾಡುತ್ತಿರುವರೆಂದೇ ಬಗೆಯುವುದುಂಟು. ಹಾಗೆ ಬಗೆಯುವವರಲ್ಲಿ ನನ್ನದೊಂದು ಬಿನ್ನಹವಿದೆ. ಆ ಗುಂಪಿನಲ್ಲಿ ಆಡುವವರ ನಡುವೆ ಆಟಕ್ಕೆ ಬೇಕಾದುದನ್ನು ರಚಿಸುತ್ತಿರುವವನೂ ಒಬ್ಬನಿರುತ್ತಾನೆ. ಆತನ ಬೆರಳು ಆಗ ಚಿತ್ರ ಬರೆಯುತ್ತಿರುತ್ತದೆ, ಅಕ್ಷರ ಕೊರೆಯುತ್ತಿರುತ್ತದೆ, ಆತನ ಕಣ್ಣು ಬಣ್ಣದ ಹದವನ್ನು ಅಳೆಯುತ್ತಿರುತ್ತದೆ. ಇಂಥವನ ಶ್ರಮಕ್ಕೆ ಸಂಭಾವನೆ ಸಲ್ಲಬೇಕೆ, ಸಲ್ಲುವುದಾದರೆ ಅದನ್ನು ಕೊಡತಕ್ಕವರು ಯಾರು, ಯಾವಾಗ, ಯಾವ ರೀತಿಯಿಂದ, ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

೨೦೧೭ರಲ್ಲಿ ಇಂಡೋನೇಷ್ಯಾ ದೇಶದ ಮಾಲೆಯೋ ಎಂಬ ಸಂಸ್ಥೆಯು ಹೊರತಂದ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಆಟವು, ಹೆಸರಿಗೆ ಆ ದ್ವೀಪರಾಷ್ಟ್ರದ ರಸ್ತೆಗಳದ್ದಾದರೂ, ಆಡುವವನು ತನ್ನ ಬಸ್ಸಿಗೆ ತಾನೇ ಬಣ್ಣ ಹಚ್ಚಿಕೊಳ್ಳಬಹುದು, ಹೊರಗೆ ಯಾರೋ ರಚಿಸಿದ ವಾಹನವನ್ನು ಒಳಗೆ ತಂದುಕೊಳ್ಳಬಹುದು ಎಂಬ ಎರಡು ಸ್ವಾತಂತ್ರ್ಯಗಳ ಕಾರಣದಿಂದ ಕೇರಳಕ್ಕೂ ಕರ್ನಾಟಕಕ್ಕೂ ಬಂದು ನೆಲೆಯೂರಿತು. ಕೇರಳದ ಹುಡುಗರು ತಮ್ಮ ಬಣ್ಣಬಣ್ಣದ ಪ್ರವಾಸಿ ಬಸ್ಸುಗಳನ್ನು ಅದರೊಳಗೆ ಓಡಿಸಿದರು. ನಮ್ಮವರು ಸಾರಿಗೆ ನಿಗಮದ ಕೆಂಪು ಬಸ್ಸುಗಳನ್ನೂ ರಾಜಹಂಸ ಐರಾವತಗಳನ್ನೂ ಓಡಿಸಿದರು. ಬಸ್ಸಿನ ಬಣ್ಣದ ಹೊದಿಕೆಗೆ ಹುಡುಗರು ‘ಲಿವರಿ’ ಎನ್ನುತ್ತಾರೆ, ಹೊಸದಾಗಿ ರಚಿಸಿದ ವಾಹನಕ್ಕೆ ‘ಮಾಡ್’ ಎನ್ನುತ್ತಾರೆ. ಹೀಗೆ ಜಕಾರ್ತಾದ ಹೆದ್ದಾರಿಯ ಮೇಲೆ ಹಳಿಯಾಳದ ಬೋರ್ಡು ಹೊತ್ತ ಬಸ್ಸೊಂದು ಸಾಗಿಹೋಗುವುದು ಈಗ ಸಾಧ್ಯವಾಗಿದೆ.

ಒಂದು ಲಿವರಿ ಹೇಗೆ ಸಿದ್ಧವಾಗುತ್ತದೆಂಬುದನ್ನು ಹತ್ತಿರದಿಂದ ನೋಡದವನಿಗೆ ಅದರ ಬೆಲೆ ತಿಳಿಯುವಂತಿಲ್ಲ. ಬಸ್ಸಿನ ಮೈಯನ್ನೆಲ್ಲ ಬಿಚ್ಚಿ ಚಪ್ಪಟೆಯಾಗಿ ಹರವಿದ ಹಾಳೆಯೊಂದು ಮೊದಲು ಕೈಗೆ ಬರುತ್ತದೆ. ಅದರಲ್ಲಿ ಎಡಮಗ್ಗುಲು ಒಂದು ಕಡೆ, ಬಲಮಗ್ಗುಲು ಒಂದು ಕಡೆ, ಮುಂಭಾಗ ಹಿಂಭಾಗಗಳು ಮೂಲೆಯಲ್ಲೆಲ್ಲೋ ತುಂಡುತುಂಡಾಗಿ ಬಿದ್ದಿರುತ್ತವೆ. ಮಗ್ಗುಲಿನುದ್ದಕ್ಕೂ ಎಳೆದ ಪಟ್ಟೆಯು ಮುಂಭಾಗದ ತುಂಡಿನ ಪಟ್ಟೆಗೆ ಸರಿಯಾಗಿ ಕೂಡದೆ ಕೂದಲೆಳೆಯಷ್ಟು ತಪ್ಪಿದರೂ, ಆಟದಲ್ಲಿ ಬಸ್ಸು ತಿರುವು ತೆಗೆದುಕೊಂಡಾಗ ಆ ಬಿರುಕು ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಬಲ್ಲ ಹುಡುಗನೊಬ್ಬನು, ಹೊಲದ ಕೆಲಸ ಮುಗಿಸಿ ಬಂದು, ಗೀರುಬಿದ್ದ ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ, ಬೆರಳ ತುದಿಯಿಂದಲೇ ಈ ಕೆಲಸವನ್ನು ಮಾಡುತ್ತಾನೆ. ‘ತುರ್ತು ನಿರ್ಗಮನ’ ಎಂಬ ಅಕ್ಷರಗಳು ನಮ್ಮ ಬಸ್ಸಿನ ಮೇಲೆ ಎಷ್ಟು ಎತ್ತರದಲ್ಲಿರುತ್ತವೆಂದು ನೋಡಿಕೊಳ್ಳುವುದಕ್ಕಾಗಿ ಆತನು ಹಳಿಯಾಳದ ನಿಲ್ದಾಣಕ್ಕೆ ಹೋಗಿ ನಿಂತದ್ದುಂಟು. ಮಳೆಗಾಲದಲ್ಲಿ ಹಿಂಗಾಲಿಯ ಮೇಲ್ಗಡೆ ಸಿಡಿದು ಒಣಗುವ ಕೆಂಪು ರಾಡಿಯ ಕಲೆಯನ್ನು, ಅಂಚಿನಲ್ಲಿ ತೆಳುವಾಗಿಯೂ ನಡುವೆ ದಟ್ಟವಾಗಿಯೂ, ಆತನು ಬಿಡಿಸಿದ ರೀತಿಯನ್ನು ಕಂಡಾಗ, ಇದು ನೋಡುವುದನ್ನು ಬಲ್ಲ ಕಣ್ಣು ಎಂದು ನನಗೆ ಮನವರಿಕೆಯಾಯಿತು.

ಇಂತಹ ಲಿವರಿಯು ಮೊದಲು ಗೆಳೆಯರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ; ಅಲ್ಲಿಂದ ಗೆಳೆಯರ ಗೆಳೆಯರಿಗೆ ಹೋಗುತ್ತದೆ. ಅಲ್ಲಿಯವರೆಗೆ ಅದು ಪ್ರೀತಿಯ ಕೊಡುಗೆ. ಅದನ್ನು ಕುರಿತು ನಾನಾಗಲಿ ಮತ್ತಾರಾಗಲಿ ತಕರಾರು ಎತ್ತಬೇಕಾದುದಿಲ್ಲ. ಆದರೆ ಮುಂದೊಂದು ದಿನ ಎಲ್ಲಿಯೋ ಒಬ್ಬನು ಅದನ್ನು ತನ್ನ ಯೂಟ್ಯೂಬ್ ಚಾನೆಲ್ಲಿಗೆ ಏರಿಸುತ್ತಾನೆ. ಕಡತವನ್ನು ಬಿಚ್ಚುವ ಗುಪ್ತಪದವನ್ನು ವೀಡಿಯೋದ ನಡುವೆ ಎಲ್ಲಿಯೋ ಅಡಗಿಸಿಟ್ಟು, ಬೇಕಾದವನು ಕೊನೆಯವರೆಗೆ ನೋಡಲೇಬೇಕೆಂಬ ಹಾಗೆ ಮಾಡುತ್ತಾನೆ. ಅಷ್ಟು ಜನ ನೋಡಿದ್ದರಿಂದ ಬರುವ ಜಾಹೀರಾತಿನ ಹಣವು ಅವನಿಗೆ ಸಲ್ಲುತ್ತದೆ. ಬರೆದ ಹುಡುಗನಿಗೆ ಬಂದದ್ದು ‘ಸೂಪರ್ ಅಣ್ಣಾ’ ಎಂಬ ಮೆಚ್ಚುಗೆ ಮಾತ್ರ. ಅದೂ ಹಲವು ಸಲ ಅವನ ಹೆಸರಿಗೆ ಬರದೆ ಏರಿಸಿದವನ ಹೆಸರಿಗೇ ಹೋಗುತ್ತದೆ. ಕೊಡುಗೆಯಾಗಿದ್ದ ವಸ್ತುವು ಸರಕಾದ ಆ ಗಳಿಗೆಯಲ್ಲಿಯೇ ಋಣವು ಹುಟ್ಟಿತೆಂದು ನನ್ನ ಅಭಿಪ್ರಾಯ. ಪ್ರೀತಿಯಿಂದ ಮಾಡಿದನಲ್ಲ, ಅವನಿಗೇಕೆ ದುಡ್ಡು ಎಂದು ಕೇಳುವವರು, ಆ ಪ್ರೀತಿಯನ್ನು ದುಡ್ಡಾಗಿ ಮಾಡಿಕೊಂಡವನು ಬೇರೊಬ್ಬನೆಂಬುದನ್ನು ಮರೆಯುತ್ತಾರೆ.

ಈ ಪ್ರಶ್ನೆಯು ನಮಗೆ ಹೊಸದೇನೂ ಅಲ್ಲ. ಹಳಿಯಾಳ, ಕಲಘಟಗಿ, ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಗೆಂದು ನಾಟಕ ಆಡುವ ಪದ್ಧತಿಯನ್ನು ಕಂಡವರು ಇದನ್ನು ಕೂಡಲೇ ಒಪ್ಪಿಯಾರು. ಊರ ತರುಣರು ಪಟ್ಟಿ ಹಾಕಿ ಹಣ ಕೂಡಿಸುತ್ತಾರೆ. ನಾಯಕನ ಪಾತ್ರ ಬೇಕೆಂಬುವನು ಹೆಚ್ಚು ಕೊಡುತ್ತಾನೆ, ಸೇವಕನ ಪಾತ್ರದವನು ಕಡಿಮೆ ಕೊಡುತ್ತಾನೆ. ಅಂದರೆ ಬಣ್ಣ ಹಚ್ಚುವವರು ಆಡುವ ಸಂತೋಷಕ್ಕಾಗಿ ತಾವೇ ಕೈಯಿಂದ ತೆರುತ್ತಾರೆ. ಆದರೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ ಮಾತು ಕಲಿಸಿ ಪೇಟಿ ಬಾರಿಸುವ ಮಾಸ್ತರರಿಗೆ ಮೊದಲೇ ವೀಳ್ಯೆ ಕೊಟ್ಟು ಮೊತ್ತವನ್ನು ಗೊತ್ತುಪಡಿಸುತ್ತಾರೆ. ತಬಲಾದವರಿಗೆ ಬೇರೆ, ದೂರದಿಂದ ಬರುವ ನಟಿಗೆ ಬೇರೆ, ಪರದೆ ಸೀನುಗಳವರಿಗೆ ಬೇರೆ. ಆಟದ ನಡುವೆ ಮೆಚ್ಚಿದವರು ಮಾಡುವ ಆಹೇರಿಯನ್ನು ರಂಗದ ಮೇಲಿಂದಲೇ ಹೆಸರು ಹೇಳಿ ಸಾರುತ್ತಾರೆ, ಆದರೆ ಆಹೇರಿ ಬಂತೆಂದು ವೀಳ್ಯೆಯಲ್ಲಿ ಒಂದು ಕಾಸನ್ನೂ ಕಡಿತ ಮಾಡುವುದಿಲ್ಲ. ಮೆಚ್ಚುಗೆಯ ಹಣ ಬೇರೆ, ದುಡಿಮೆಯ ಹಣ ಬೇರೆ ಎಂಬ ಈ ವಿವೇಕವು ಯಾವ ಶಾಸ್ತ್ರಗ್ರಂಥವನ್ನೂ ಓದದ ಆ ನಾಟಕಮಂಡಳಿಗಳಿಗೆ ಇತ್ತು. ಕೂಡಿ ಆಡುವ ಸಂತೋಷಕ್ಕೂ ಕೂಲಿಗೂ ಅಲ್ಲಿ ಜಗಳವಿರಲಿಲ್ಲ.

ನಾಟಕ ಬರೆದವನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ಅಚ್ಚಾದ ನಾಟಕದ ಪುಸ್ತಕಗಳ ಮೊದಲ ಪುಟಗಳಲ್ಲಿ, ಇದನ್ನು ಆಡುವವರು ಕರ್ತೃವಿಗೆ ಇಷ್ಟು ಗೌರವಧನ ಕಳುಹಿಸಿ ಅಪ್ಪಣೆ ಪಡೆಯಬೇಕೆಂಬ ಸೂಚನೆಯನ್ನು ಅನೇಕರು ಕಂಡಿರಬಹುದು. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೫೨ನೆಯ ಪ್ರಕರಣವು, ಹವ್ಯಾಸಿ ಸಂಘವೊಂದು ಹಣ ತೆರದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಕೃತಿಯೊಂದನ್ನು ಪ್ರಯೋಗಿಸಿದರೆ ಅದು ಕರ್ತೃವಿನ ಹಕ್ಕಿನ ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ಕಾನೂನು ಇಲ್ಲಿ ಗೆರೆ ಎಳೆದಿರುವ ಸ್ಥಳವನ್ನು ಗಮನಿಸಬೇಕು: ಟಿಕೀಟಿನ ಪೆಟ್ಟಿಗೆಯು ಎಲ್ಲಿ ಬಂದು ಕೂಡುವುದೋ ಅಲ್ಲಿಂದ ಕರ್ತೃವಿನ ಪಾಲು ಆರಂಭವಾಗುತ್ತದೆ. ಅದೇ ಅಧಿನಿಯಮಕ್ಕೆ ೨೦೧೨ರಲ್ಲಿ ಆದ ತಿದ್ದುಪಡಿಯು, ಚಲನಚಿತ್ರದ ಹಾಡನ್ನು ಬರೆದ ಕವಿಗೂ ರಾಗ ಹಾಕಿದವನಿಗೂ ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಇರುವ ಪಾಲನ್ನು, ಅವರೇ ಬರೆದುಕೊಟ್ಟರೂ ಬಿಟ್ಟುಹೋಗದಂತೆ ಭದ್ರಪಡಿಸಿತು. ಮೊಬೈಲಿನ ಆಟಕ್ಕೆ ಚಿತ್ರ ಬರೆಯುವವನನ್ನು ಎದುರಿಗಿಟ್ಟುಕೊಂಡು ಈ ವಿಧಿಗಳು ಹುಟ್ಟಲಿಲ್ಲ. ಆದಾಗ್ಯೂ ಅವುಗಳ ಹಿಂದಿನ ನ್ಯಾಯಬುದ್ಧಿಯು ಆತನಿಗೂ ಸಲ್ಲತಕ್ಕದ್ದೇ ಆಗಿದೆ.

ಹೊರಗಿನ ಜಗತ್ತಿನಲ್ಲಿ ಈ ನ್ಯಾಯವು ಆಚರಣೆಗೆ ಬಂದ ಒಂದು ಸಂದರ್ಭವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಮೆರಿಕದ ವಾಲ್ವ್ ಎಂಬ ಸಂಸ್ಥೆಯ ‘ಟೀಮ್ ಫೋರ್ಟ್ರೆಸ್ ೨’ ಎಂಬ ಆಟಕ್ಕೆ ಆಟಗಾರರೇ ಟೋಪಿಗಳನ್ನೂ ಆಯುಧಗಳನ್ನೂ ರಚಿಸಿ ಕಳುಹಿಸುತ್ತಿದ್ದರು. ೨೦೧೦ರ ಸೆಪ್ಟೆಂಬರ್ ೩೦ರಂದು ಆ ಸಂಸ್ಥೆಯು ಆಟದೊಳಗೆ ಒಂದು ಅಂಗಡಿಯನ್ನು ತೆರೆದು, ಇಂತಹ ಹೊಸ ವಸ್ತುಗಳನ್ನು ಮಾರಾಟಕ್ಕಿಟ್ಟು, ಬಂದ ಹಣದಲ್ಲಿ ನೂರಕ್ಕೆ ೨೫ನ್ನು ರಚಿಸಿದವರಿಗೆ ಕೊಡುವುದಾಗಿ ಗೊತ್ತುಪಡಿಸಿತು. ಎರಡು ವಾರ ಕಳೆಯುವುದರೊಳಗೆ ಐದು ಮಂದಿ ರಚನಕಾರರ ಪಾಲಿಗೆ ತಲಾ ೩೯,೦೦೦ದಿಂದ ೪೭,೦೦೦ ಡಾಲರುಗಳವರೆಗೆ ಸಂದಾಯವಾಗಬೇಕಾಯಿತೆಂದರೆ, ಅದನ್ನು ಕೊಡುವ ಸಂಸ್ಥೆಯೇ ಅಷ್ಟನ್ನು ನಿರೀಕ್ಷಿಸಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ೨೦೧೫ರ ಆರಂಭದ ಹೊತ್ತಿಗೆ ಆ ಸಂಸ್ಥೆಯ ಹಲವು ಆಟಗಳ ರಚನಕಾರರಿಗೆ ಹೀಗೆ ಸಂದ ಹಣವು ೫ ಕೋಟಿ ೭೦ ಲಕ್ಷ ಡಾಲರುಗಳನ್ನು ಮೀರಿ, ಅದನ್ನು ಪಡೆದವರು ೧,೫೦೦ಕ್ಕೂ ಹೆಚ್ಚು ಮಂದಿಯೆಂದು ಆ ಸಂಸ್ಥೆಯು ಪ್ರಕಟಿಸಿತು. ನೂರಕ್ಕೆ ೨೫ ಸಾಲದೆಂಬ ಮಾತನ್ನು ನಾನು ಆಮೇಲೆ ಹೇಳುವವನಿದ್ದೇನೆ. ಆದರೆ ಪಾಲು ಎಷ್ಟೆಂಬುದನ್ನು ಗೊತ್ತುಪಡಿಸಿಯೇ ವಸ್ತುವನ್ನು ಮಾರಲಾಯಿತು, ಮಾರಿದ ಲೆಕ್ಕದಂತೆ ಹಣವು ಬಂದಿತು ಎಂಬ ಎರಡು ಗುಣಗಳನ್ನು ಒಪ್ಪದಿರಲಾಗದು.

ಅದೇ ಸಂಸ್ಥೆಯು ಮತ್ತೊಂದು ಸಂಸ್ಥೆಯಾದ ಬೆಥೆಸ್ಡಾದೊಡನೆ ಸೇರಿ ೨೦೧೫ರ ಏಪ್ರಿಲ್ ೨೩ರಂದು ಮಾಡಿದ ಪ್ರಯತ್ನವು ಮಾತ್ರ ನಾಲ್ಕೇ ದಿನಗಳಲ್ಲಿ ಮುರಿದುಬಿತ್ತು. ‘ಸ್ಕೈರಿಮ್’ ಎಂಬ ಆಟಕ್ಕೆ ೨೦೧೧ರಿಂದಲೂ ಸಾವಿರಾರು ಮಂದಿ ಮಾಡ್‌ಗಳನ್ನು ರಚಿಸಿ ಬೆಲೆಯಿಲ್ಲದೆ ಹಂಚುತ್ತ ಬಂದಿದ್ದರು; ಒಬ್ಬನು ಮಾಡಿದ ಕೆಲಸದ ಮೇಲೆ ಇನ್ನೊಬ್ಬನು ತನ್ನದನ್ನು ಕಟ್ಟುವುದು, ಅವನದರ ಮೇಲೆ ಮತ್ತೊಬ್ಬನು ಕಟ್ಟುವುದು, ಹೀಗೆ ಆ ಬಳಗವು ಬೆಳೆದಿತ್ತು. ಇದ್ದಕ್ಕಿದ್ದಂತೆ ಅವುಗಳಿಗೆ ಬೆಲೆಚೀಟಿ ಅಂಟಿಸಲು ಎಡೆಮಾಡಿಕೊಟ್ಟು, ಬಂದ ಹಣದಲ್ಲಿ ರಚಿಸಿದವನಿಗೆ ನೂರಕ್ಕೆ ೨೫, ಆಟದ ಒಡೆಯರಿಗೆ ೪೫, ಅಂಗಡಿಯವರಿಗೆ ೩೦ ಎಂದು ಹಂಚಿಕೆ ಮಾಡಲಾಯಿತು. ಮೀನು ಹಿಡಿಯುವ ಸೊಬಗನ್ನು ಆಟಕ್ಕೆ ಸೇರಿಸುವ ಒಂದು ಮಾಡ್ ಮೊದಲ ದಿನವೇ ಮಾರಾಟಕ್ಕೆ ಬಂದು, ಅದು ಇನ್ನೊಬ್ಬನು ಬೆಲೆಯಿಲ್ಲದೆ ಕೊಟ್ಟಿದ್ದ ಚಲನೆಯ ರಚನೆಯನ್ನು ಆಶ್ರಯಿಸಿದೆಯೆಂಬ ಆಕ್ಷೇಪ ಏಳಲು, ಕೂಡಲೇ ಹಿಂತೆಗೆಯಲ್ಪಟ್ಟಿತು. ಏಪ್ರಿಲ್ ೨೭ರಂದು ಇಡೀ ಯೋಜನೆಯನ್ನೇ ಕೈಬಿಟ್ಟು ಕೊಂಡವರಿಗೆಲ್ಲ ಹಣವನ್ನು ಮರಳಿಸಲಾಯಿತು.

ಆಟಗಾರರು ಪುಕ್ಕಟೆಯ ಚಟದವರಾದ್ದರಿಂದ ರೊಚ್ಚಿಗೆದ್ದರೆಂದು ಆಗ ಕೆಲವರು ಬರೆದರು. ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಮೊದಲಿನ ಸಂದರ್ಭದಲ್ಲಿ ಆಟದೊಳಗೆ ಸೇರಿಸಲೆಂದು ಸಂಸ್ಥೆಗೇ ಒಪ್ಪಿಸಿದ ವಸ್ತುವಿಗೆ ಬೆಲೆ ಕಟ್ಟಲಾಯಿತು; ಎರಡನೆಯದರಲ್ಲಿ ಕೊಡುಗೆಗಳು ಓಡಾಡುತ್ತಿದ್ದ ಹಾದಿಗೆ ರಾತ್ರೋರಾತ್ರಿ ಸುಂಕದ ಕಟ್ಟೆಯನ್ನು ಕಟ್ಟಲಾಯಿತು. ಅಲ್ಲದೆ, ಕಟ್ಟೆಯ ಮೇಲೆ ಕುಳಿತವರು ಮುಕ್ಕಾಲು ಪಾಲನ್ನು ತಾವು ತೆಗೆದುಕೊಂಡರು. ಆಟವನ್ನೇ ಕಟ್ಟಿಕೊಟ್ಟವರಿಗೆ ಪಾಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಒಬ್ಬನ ಕೈಕೆಲಸವನ್ನು ಮಾರಿ ಅವನಿಗೆ ನಾಲ್ಕರಲ್ಲೊಂದನ್ನು ಮಾತ್ರ ಕೊಡುವ ಹಂಚಿಕೆಯು ನಮ್ಮ ಊರಿನ ಯಾವ ನಾಟಕದ ಪಂಚರ ಮುಂದೆಯೂ ನಿಲ್ಲುತ್ತಿರಲಿಲ್ಲ.

ಕೊಡುಗೆಯೂ ಕ್ರಯವೂ ಒಂದೇ ಕೈಯಲ್ಲಿ ಒಂದನ್ನೊಂದು ಕೆಡಿಸದೆ ಬಾಳುವುದನ್ನು ನೋಡಬೇಕೆಂಬುವರು ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ನೋಡಬೇಕು. ಪೂರ್ವದಲ್ಲಿ ಆಫ್ರಿಕದಿಂದ ತರಲ್ಪಟ್ಟು ಈ ಅಡವಿಗಳಲ್ಲಿ ನೆಲೆಸಿದವರ ಸಂತತಿಯಾದ ಈ ಜನರಲ್ಲಿ, ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಸುತ್ತುಸುತ್ತಾಗಿ ಒಳಮುಖವಾಗಿ ಹೊಲಿಗೆ ಹಾಕುತ್ತ ನಡುವಿಗೆ ಬಂದು ಮುಗಿಸುವುದು ಪದ್ಧತಿ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಇಡುವುದಕ್ಕೆ ‘ಫೂಲ’ ಎನ್ನುತ್ತಾರೆ; ಅದಿಲ್ಲದ ಕೌದಿಯು ಅವರ ಕಣ್ಣಿಗೆ ಪೂರ್ಣವಲ್ಲ. ಮೊಮ್ಮಗು ಹುಟ್ಟಿತೆಂದು ಅಜ್ಜಿಯು ಹೊಲಿದ ಕೌದಿಗೆ ಬೆಲೆ ಕೇಳುವವರಿಲ್ಲ, ಹೇಳುವವರೂ ಇಲ್ಲ. ಹೊರಗಿನವರು ಬೇಕೆಂದು ಕೇಳಿಬಂದಾಗ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ನೆರವಿನಿಂದ ೨೦೦೪ರ ಸುಮಾರಿಗೆ ಈ ಹೆಣ್ಣುಮಕ್ಕಳು ಸಹಕಾರದ ಒಂದು ಏರ್ಪಾಡನ್ನು ಮಾಡಿಕೊಂಡು ಕೌದಿಗಳನ್ನು ಮಾರತೊಡಗಿದರು. ೨೦೧೧ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ಆಯಿತು. ಹೊರಗೆ ಕ್ರಯಕ್ಕೆ ಹೋದ ಕೌದಿಯಿಂದಾಗಿ ಮನೆಯ ತೊಟ್ಟಿಲಿನ ಕೌದಿ ಅಗ್ಗವಾಗಲಿಲ್ಲ. ಯಾವುದು ಕೊಡುಗೆ, ಯಾವುದು ಮಾರಾಟ ಎಂಬುದನ್ನು ಹೊಲಿದವಳೇ ನಿಶ್ಚಯಿಸಿದಳು. ಹಾಗೆ ನಿಶ್ಚಯಿಸುವ ಅಧಿಕಾರವನ್ನೇ ನಾನು ಆ ಮೊಬೈಲಿನ ಹುಡುಗನಿಗೂ ಬೇಡುತ್ತಿದ್ದೇನೆ.

ಹಾಗಾದರೆ ಕೊಡುವವರು ಯಾರು? ಕಾಸು ಗಳಿಸಿದವನೇ ಕೊಡಬೇಕೆಂಬುದು ಸರಳವಾದ ಉತ್ತರ. ಚಾನೆಲ್ಲಿನವನು ಲಿವರಿಯೊಂದನ್ನು ಏರಿಸುವ ಮೊದಲು ರಚಿಸಿದವನನ್ನು ಹುಡುಕಿ, ಅಪ್ಪಣೆ ಪಡೆದು, ಇಂತಿಷ್ಟೆಂದು ಮಾತಾಡಿಕೊಳ್ಳಬೇಕು. ಆದರೆ ಬಳಗವೇ ಕೂಡಿ ಕೆಲಸ ಹೇಳುವ ಸಂದರ್ಭಗಳೂ ಉಂಟು. ಒಂದು ಗುಂಪಿನ ಹತ್ತಿಪ್ಪತ್ತು ಮಂದಿ ತಮ್ಮೂರಿನ ರಸ್ತೆಯ ಬಸ್ಸು ಬೇಕೆಂದು, ತಮ್ಮ ಪಂದ್ಯದ ತಂಡಕ್ಕೆ ಲಾಂಛನ ಬೇಕೆಂದು, ವೀಡಿಯೋದ ಮೊದಲಿಗೆ ಒಂದು ಚಿತ್ರ ಬೇಕೆಂದು ಒಬ್ಬನ ಬೆನ್ನು ಹತ್ತುತ್ತಾರೆ. ‘ನಮ್ಮವನೇ ಅಲ್ಲವೇನೋ, ಒಂದು ಮಾಡಿಕೊಡಲೇ’ ಎಂಬ ಸಲುಗೆಯ ಮಾತಿನಲ್ಲಿ ಆತನ ಮೂರು ರಾತ್ರಿಗಳು ಕರಗಿಹೋಗುತ್ತವೆ. ನಾಟಕಕ್ಕೆ ಪಟ್ಟಿ ಹಾಕಿದ ಊರಿನ ಮಕ್ಕಳು ಇದಕ್ಕೂ ಪಟ್ಟಿ ಹಾಕಲಾರರೆ? ಮೊಬೈಲಿನಿಂದಲೇ ಹಣ ಕಳುಹಿಸುವ ಅನುಕೂಲವು ಚಹದಂಗಡಿಯವರೆಗೂ ಬಂದಿರುವ ಈ ಕಾಲದಲ್ಲಿ, ತಲೆಗೆ ಹತ್ತಿಪ್ಪತ್ತು ರೂಪಾಯಿ ಕೂಡಿಸಿ ಅರ್ಧವನ್ನು ಮೊದಲೇ ವೀಳ್ಯೆಯಾಗಿ ಕೊಟ್ಟು ಉಳಿದುದನ್ನು ಕೆಲಸ ಕೈಸೇರಿದ ಮೇಲೆ ಕೊಡುವುದು ಯಾರಿಗೂ ಭಾರವಾಗದು. ಮೊತ್ತವು ಸಣ್ಣದೆಂಬ ಸಂಕೋಚ ಬೇಡ. ಮೊದಲೇ ಮಾತಾಡದೆ, ಮುಗಿದ ಮೇಲೆ ಕೈಗೆ ತುರುಕುವ ದೊಡ್ಡ ನೋಟಿಗಿಂತ, ಗೊತ್ತುಮಾಡಿ ಕೊಟ್ಟ ಸಣ್ಣ ಮೊತ್ತದಲ್ಲಿ ಕಲೆಗಾರನ ಮಾನವು ಹೆಚ್ಚು ಉಳಿಯುತ್ತದೆ.

ಬೆಲೆಯನ್ನು ಗೊತ್ತುಮಾಡುವಾಗ ಕಳೆದ ಹೊತ್ತನ್ನು, ಕಲಿತ ವಿದ್ಯೆಯನ್ನು, ತಿದ್ದುಪಡಿಗಳ ಸಂಖ್ಯೆಯನ್ನು ನೋಡಬೇಕು. ಕೊನೆಯದು ಮುಖ್ಯ. ‘ಪಟ್ಟೆ ಸ್ವಲ್ಪ ಮೇಲಕ್ಕೆ, ಅಕ್ಷರ ಸ್ವಲ್ಪ ದಪ್ಪ’ ಎಂದು ಹೇಳುವವನಿಗೆ ಅದು ಒಂದು ಮಾತು. ಬಿಡಿಸುವವನಿಗೆ ಅದು ಮತ್ತೊಂದು ಸಂಜೆ. ಎಷ್ಟು ಸಲ ತಿದ್ದಿಕೊಡಬೇಕೆಂಬುದನ್ನು ಮೊದಲೇ ಹೇಳಿಕೊಳ್ಳದ ಗೆಳೆತನಗಳು ಕಹಿಯಾಗಿ ಮುರಿದುದನ್ನು ನಾನು ಕಂಡಿದ್ದೇನೆ. ಈ ವಿಷಯದಲ್ಲಿ ಆಕಾಶವಾಣಿಯ ಕ್ರಮವು ಅನುಕರಣೀಯವಾದುದು. ೧೯೫೦ರಲ್ಲಿ ಆರಂಭವಾದ ಧಾರವಾಡದ ನಿಲಯವೂ ಸೇರಿದಂತೆ ಅದರ ನಿಲಯಗಳಲ್ಲಿ ಹಾಡಲು ಕರೆಯಲ್ಪಟ್ಟ ಕಲಾವಿದನಿಗೆ ದಿನಾಂಕ, ಅವಧಿ, ಸಂಭಾವನೆಗಳನ್ನು ನಮೂದಿಸಿದ ಕರಾರುಪತ್ರವು ಮೊದಲು ಬರುತ್ತದೆ. ಸಹಿ ಹಾಕಿ ಒಪ್ಪಿದ ಮೇಲೆಯೇ ಆತನು ಧ್ವನಿಗ್ರಾಹಕದ ಮುಂದೆ ಕೂಡುವನು. ಬರಿಯ ನಾಲ್ಕು ಸಾಲಿನ ಆ ಕಾಗದವು ಹಳ್ಳಿಯ ಹಾಡುಗಾರನಿಗೆ ತನ್ನ ಕಂಠವೂ ಒಂದು ದುಡಿಮೆಯೆಂಬ ಅರಿವನ್ನು ತಂದುಕೊಟ್ಟಿತು. ವಾಟ್ಸಾಪಿನಲ್ಲಿ ಬರೆದಿಟ್ಟ ನಾಲ್ಕು ಸಾಲು ಆಟದ ಬಳಗಕ್ಕೆ ಸಾಕು.

ಇಂತಹ ವಿದ್ಯೆಯು ಹೊಟ್ಟೆ ತುಂಬಿಸೀತೆ ಎಂದು ಕೇಳುವ ತಂದೆತಾಯಿಗಳಿಗೆ ಬೆಂಗಳೂರಿನ ಕಡೆಗೆ ಬೊಟ್ಟುಮಾಡಿ ತೋರಿಸಬಹುದಾಗಿದೆ. ರಾಜೇಶ್ ರಾವ್ ಅವರು ೧೯೯೭ರಲ್ಲಿ ಅಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ವಿದೇಶದ ಆಟಗಳಿಗೆ ವಾಹನಗಳನ್ನೂ ದೃಶ್ಯಗಳನ್ನೂ ರಚಿಸಿಕೊಡುತ್ತ ಬೆಳೆದು, ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ವಶವಾಯಿತು. ಕರ್ನಾಟಕ ಸರ್ಕಾರವು ೨೦೧೨ರಷ್ಟು ಹಿಂದೆಯೇ ಈ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಆದರೆ ಆ ಕಚೇರಿಗಳೊಳಗೆ ಸಂಬಳದ ಮೇಲೆ ಕುಳಿತವನಿಗೂ, ಸಾಂಬ್ರಾಣಿಯ ಕಡೆಯಲ್ಲಿ ಕರೆಂಟು ಬರುವುದನ್ನು ಕಾಯುತ್ತ ಕುಳಿತವನಿಗೂ ನಡುವೆ ದೊಡ್ಡ ಹಾದಿಯಿದೆ. ಆ ಹಾದಿಯ ಮೊದಲ ಮೆಟ್ಟಿಲು, ಗೆಳೆಯರಿಂದ ದೊರೆಯುವ ಐವತ್ತು ನೂರು ರೂಪಾಯಿಗಳ ಪ್ರಾಮಾಣಿಕ ಸಂಭಾವನೆಯೇ. ೧೯೯೯ರಲ್ಲಿ ‘ಹಾಫ್ ಲೈಫ್’ ಎಂಬ ಆಟದ ಮೇಲೆ ಇಬ್ಬರು ತರುಣರು ಹವ್ಯಾಸಕ್ಕಾಗಿ ಕಟ್ಟಿದ ‘ಕೌಂಟರ್ ಸ್ಟ್ರೈಕ್’ ಎಂಬ ಮಾಡ್ ಅನ್ನು ಮುಂದಿನ ವರ್ಷವೇ ಆಟದ ಒಡೆಯರು ಕೊಂಡುಕೊಂಡು ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡರೆಂಬುದು ಎಲ್ಲರಿಗೂ ದೊರೆಯುವ ಭಾಗ್ಯವಲ್ಲ. ಆದರೂ ಹವ್ಯಾಸದಿಂದ ವೃತ್ತಿಗೆ ದಾರಿ ಇರುವುದನ್ನು ಅದು ತೋರಿಸಿತು.

ಒಂದು ತೊಡಕು ಉಳಿದಿದೆ. ಆ ಹುಡುಗನು ಬಣ್ಣ ಹಚ್ಚಿದ ಬಸ್ಸಿನ ಆಕಾರವನ್ನು ಕಡೆದವನು ಇನ್ನೊಬ್ಬನು; ಅದರ ಹಾರ್ನಿನ ಸದ್ದನ್ನು ಯಾವುದೋ ನಿಲ್ದಾಣದಲ್ಲಿ ನಿಂತು ಹಿಡಿದುತಂದವನು ಮತ್ತೊಬ್ಬನು; ಹಾಳೆಯನ್ನು ಕತ್ತರಿಸಿ ಮೂಲೆಗಳನ್ನು ಗುರುತಿಸಿ ಕೊಟ್ಟವನು ಬಹುಶಃ ಕೇರಳದವನು. ನಾಟಕದಲ್ಲಿ ಪೇಟಿಗೂ ತಬಲಾಕ್ಕೂ ಬೇರೆ ಬೇರೆ ವೀಳ್ಯೆಯನ್ನು ಕೊಡುವುದು ಸುಲಭ, ಏಕೆಂದರೆ ಅವರೆಲ್ಲರೂ ಒಂದೇ ಚಪ್ಪರದ ಕೆಳಗೆ ಕಣ್ಣೆದುರಿಗೇ ಕುಳಿತಿರುತ್ತಾರೆ. ಇಲ್ಲಿ ಅವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಮೀನಿನ ಮಾಡ್‌ನ ಪ್ರಸಂಗದಲ್ಲಿ ದೊಡ್ಡ ಸಂಸ್ಥೆಗಳಿಗೂ ಬಿಡಿಸಲಾಗದ ಗಂಟು ಇದೇ ಆಗಿತ್ತು. ಎಲ್ಲರ ಪಾಲನ್ನೂ ತೂಗಿ ಕೊಡುವ ತಕ್ಕಡಿಯು ಸಿದ್ಧವಾಗುವವರೆಗೆ ನಮ್ಮ ಹುಡುಗರು ಇಷ್ಟನ್ನಾದರೂ ಮಾಡಬಲ್ಲರು: ಕಡತದೊಳಗೆ ಒಂದು ಸಣ್ಣ ಟಿಪ್ಪಣಿಯನ್ನಿಟ್ಟು, ಆಕಾರ ಇಂಥವರದು, ಸದ್ದು ಇಂಥವರದು, ಬಣ್ಣ ನನ್ನದು ಎಂದು ಬರೆಯುವುದು, ಹಣ ಬರುವ ಸಂದರ್ಭ ಒದಗಿದರೆ ಆ ಹೆಸರುಗಳವರಿಗೆ ಮೊದಲು ಹೇಳಿಕಳುಹಿಸಿ, ಅವರು ಒಪ್ಪಿದ ಮೇಲೆಯೇ ಬೆಲೆಯ ಮಾತನ್ನು ಎತ್ತುವುದು.